ಮೂರು ಹೆಸರಿನ ಚೀಟಿ: ಹೈಸ್‌ಮನ್ ಯಾರಿಗೆ ಸಲ್ಲಬೇಕು?

2024ರ ಡಿಸೆಂಬರ್‌ನಲ್ಲಿ ಅಮೆರಿಕದ ಕಾಲೇಜು ಫುಟ್‌ಬಾಲ್ ನೋಡುವವರು, ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಹೈಸ್‌ಮನ್ ಟ್ರೋಫಿ ಯಾರಿಗೆ ಎಂದು ಎರಡು ಬಣವಾಗಿದ್ದರು. ಒಂದು ಬಣದ ಬಾಯಲ್ಲಿ ಒಂದೇ ಸಂಖ್ಯೆ: 2,497. ಬಾಯ್ಸಿ ಸ್ಟೇಟ್ ತಂಡದ ರನ್ನಿಂಗ್ ಬ್ಯಾಕ್ ಆಷ್ಟನ್ ಜೆಂಟಿ ಆ ಋತುವಿನಲ್ಲಿ ಅಲ್ಲಿಯವರೆಗೆ ಚೆಂಡು ಹಿಡಿದು ಓಡಿದ ಒಟ್ಟು ಯಾರ್ಡ್‌ಗಳು ಅವು. ಓಡಿ ಗಳಿಸಿದ ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸುವುದು) 29. ಇನ್ನೊಂದು ಬಣ ಕೊಲೊರಾಡೊದ ಟ್ರಾವಿಸ್ ಹಂಟರ್ ಕಡೆ. ತಂಡದ ಕೈಯಲ್ಲಿ ಚೆಂಡಿದ್ದಾಗ ಆತ ಎಸೆದ ಚೆಂಡು ಹಿಡಿಯುವ ವೈಡ್ ರಿಸೀವರ್: 92 ಕ್ಯಾಚ್, 1,152 ಯಾರ್ಡ್, 14 ಟಚ್‌ಡೌನ್. ಚೆಂಡು ಎದುರಾಳಿಗೆ ಹೋದರೆ ಮೈದಾನ ಬಿಟ್ಟು ಹೊರಗೆ ಕೂರುತ್ತಿರಲಿಲ್ಲ, ಅಲ್ಲೇ ಎದುರಾಳಿ ರಿಸೀವರ್‌ಗಳನ್ನು ಕಾಯುವ ಕಾರ್ನರ್‌ಬ್ಯಾಕ್ ಆಗಿ ನಿಲ್ಲುತ್ತಿದ್ದ: 4 ಇಂಟರ್‌ಸೆಪ್ಷನ್, ಅಂದರೆ ಎದುರಾಳಿ ಎಸೆದ ಚೆಂಡನ್ನು ನಡುವೆಯೇ ಹಿಡಿದದ್ದು. ಹನ್ನೆರಡು ಪಂದ್ಯಗಳಲ್ಲಿ ಎರಡೂ ಕಡೆ ಸೇರಿ 1,300ಕ್ಕೂ ಹೆಚ್ಚು ಸ್ನ್ಯಾಪ್ (ಚೆಂಡು ಕೈಗಿಟ್ಟು ಶುರುವಾಗುವ ಒಂದೊಂದು ಸರದಿ) ಆಡಿದ. ಈ ಆಟದಲ್ಲಿ ದಾಳಿಗೆ ಹನ್ನೊಂದು ಜನ, ರಕ್ಷಣೆಗೆ ಬೇರೆಯೇ ಹನ್ನೊಂದು ಜನ ಇಳಿಯುವ ಪದ್ಧತಿ ಬಂದು ಹಲವು ದಶಕಗಳಾಗಿವೆ. ಎರಡನ್ನೂ ಪೂರ್ಣಾವಧಿ ಆಡುವವರು ಹೈಸ್ಕೂಲು ಮುಗಿದ ಮೇಲೆ ಸಿಗುವುದೇ ಅಪರೂಪ.

ಹೈಸ್‌ಮನ್ ಟ್ರೋಫಿ ಹಂಟರ್‌ಗೆ ಹೋಯಿತು, 2,231 ಅಂಕ. ಜೆಂಟಿಗೆ 2,017. ಅಂತರ 214. ಜಗಳ ಮಾತ್ರ ನಿಂತಿಲ್ಲ, ನಿಲ್ಲುವಂಥದ್ದೂ ಅಲ್ಲ. ಯಾಕೆಂದರೆ ಇಬ್ಬರನ್ನು ಅಳೆಯಲು ಒಂದೇ ಅಳತೆಗೋಲು ಇಲ್ಲ. ಹೈಸ್‌ಮನ್ ಚರ್ಚೆಗಳಲ್ಲಿ ಮುಕ್ಕಾಲು ಪಾಲು ಕೆಡುವುದು ಇಲ್ಲೇ: ಬೇರೆ ಬೇರೆ ಸ್ಥಾನದ ಇಬ್ಬರನ್ನು ನೇರವಾಗಿ ಎದುರುಬದುರು ನಿಲ್ಲಿಸುವುದು. ಹಾಗೆ ಮಾಡುವ ಮೊದಲು, ಪ್ರತಿಯೊಬ್ಬ ತನ್ನ ಸ್ಥಾನದಲ್ಲೇ ಆಡಿದ ಬೇರೆಯವರಿಗಿಂತ, ಆ ಸ್ಥಾನದ ಹಿಂದಿನವರಿಗಿಂತ ಎಷ್ಟು ದೂರ ಹೋದ ಎಂದು ಕೇಳಬೇಕು. ಈ ಬರಹದ ವಾದ ಇಷ್ಟೇ. ಆದರೆ ಪ್ರಶಸ್ತಿಯ ಯಂತ್ರ ಆ ಪ್ರಶ್ನೆ ಕೇಳುವ ಹಾಗೆ ಕಟ್ಟಿದ್ದಲ್ಲ.

ಯಂತ್ರ ಹೇಗಿದೆ ನೋಡೋಣ. ನ್ಯೂಯಾರ್ಕಿನ ಡೌನ್‌ಟೌನ್ ಅಥ್ಲೆಟಿಕ್ ಕ್ಲಬ್ 1935ರಲ್ಲಿ ಮೊದಲ ಬಾರಿ ಈ ಪ್ರಶಸ್ತಿ ಕೊಟ್ಟಿತು; ಗೆದ್ದವನು ಶಿಕಾಗೊ ವಿಶ್ವವಿದ್ಯಾಲಯದ ಜೇ ಬರ್ವ್ಯಾಂಗರ್. ಮರುವರ್ಷ ಕ್ಲಬ್ಬಿನ ಕ್ರೀಡಾ ನಿರ್ದೇಶಕ ಜಾನ್ ಹೈಸ್‌ಮನ್ ತೀರಿಕೊಂಡ ಮೇಲೆ ಅವರ ಹೆಸರಿಟ್ಟರು. ಈಗ ಮತ ಹಾಕುವವರು 870 ಪತ್ರಕರ್ತರು, ಬದುಕಿರುವ ಹಿಂದಿನ ವಿಜೇತರು, ಜತೆಗೆ ಅಭಿಮಾನಿಗಳೆಲ್ಲ ಸೇರಿ ಹಾಕುವ ಒಂದೇ ಒಂದು ಮತ. ದೇಶವನ್ನು ಆರು ವಲಯ ಮಾಡಿ ಪ್ರತಿ ವಲಯಕ್ಕೂ 145 ಪತ್ರಕರ್ತರ ಮತ ಹಂಚಿದ್ದಾರೆ. ಕಾಲೇಜು ಫುಟ್‌ಬಾಲೇ ಉಸಿರಾಗಿರುವ ದಕ್ಷಿಣಕ್ಕೂ 145, ದೊಡ್ಡ ತಂಡಗಳು ಬೆರಳೆಣಿಕೆಯಷ್ಟಿರುವ ಈಶಾನ್ಯಕ್ಕೂ 145. ಈಶಾನ್ಯದ ಮತದಾರನಿಗೆ ಬಹುತೇಕ ವರ್ಷ ತನ್ನೂರಿನ ಹುಡುಗ ಅಂತ ಯಾರೂ ಕಣದಲ್ಲಿರುವುದಿಲ್ಲ. ಅವನ ಅಭಿಪ್ರಾಯ ರೂಪುಗೊಳ್ಳುವುದು ಟೀವಿ ಮುಂದೆ.

ಮತಚೀಟಿಯಲ್ಲಿ ಮೂರು ಹೆಸರು ಬರೆಯಬೇಕು. ಮೊದಲನೆಯದಕ್ಕೆ 3 ಅಂಕ, ಎರಡನೆಯದಕ್ಕೆ 2, ಮೂರನೆಯದಕ್ಕೆ 1. ಯಾರು ಅರ್ಹ ಎಂಬುದಕ್ಕೆ ಶ್ರೇಷ್ಠತೆ, ಪ್ರಾಮಾಣಿಕತೆ ಎಂಬ ದೊಡ್ಡ ಮಾತುಗಳಿವೆ, ಅಷ್ಟೇ. ತಂಡ ಗೆದ್ದಿರಬೇಕೇ? ಎದುರಾಳಿಗಳು ಬಲಿಷ್ಠರಾಗಿರಬೇಕೇ? ರಕ್ಷಣೆಯ ಆಟಗಾರ ಲೆಕ್ಕಕ್ಕುಂಟೇ? ಇವೆಲ್ಲ ಮತದಾರನ ವಿವೇಚನೆಗೆ.

ಈ 3-2-1 ಲೆಕ್ಕ ಏನು ಮಾಡಬಲ್ಲದು ಎಂಬುದಕ್ಕೆ 2008ಕ್ಕಿಂತ ಒಳ್ಳೆಯ ಪಾಠ ಇಲ್ಲ. ಆ ವರ್ಷ ಮೂವರು ಕ್ವಾರ್ಟರ್‌ಬ್ಯಾಕ್‌ಗಳ (ದಾಳಿ ನಡೆಸುವ, ಚೆಂಡು ಎಸೆಯುವ ಆಟಗಾರರು) ಪೈಪೋಟಿ. ಫ್ಲೋರಿಡಾದ ಟಿಮ್ ಟೀಬೋಗೆ ಮೊದಲ ಸ್ಥಾನದ ಮತ 309. ಒಕ್ಲಹೋಮದ ಸ್ಯಾಮ್ ಬ್ರ್ಯಾಡ್‌ಫರ್ಡ್‌ಗೆ 300. ಟೆಕ್ಸಸ್‌ನ ಕೋಲ್ಟ್ ಮೆಕಾಯ್‌ಗೆ 266. ಮೊದಲ ಸ್ಥಾನದ ಮತ ಅತಿ ಹೆಚ್ಚು ಪಡೆದ ಟೀಬೋ ಕೊನೆಗೆ ಬಂದು ನಿಂತದ್ದು ಮೂರನೆಯವನಾಗಿ! ಬ್ರ್ಯಾಡ್‌ಫರ್ಡ್ 1,726, ಮೆಕಾಯ್ 1,604, ಟೀಬೋ 1,575. ಎರಡನೇ ಸ್ಥಾನದ ಕಾಲಂ ನೋಡಿದರೆ ಕಾರಣ ಕಾಣುತ್ತದೆ: ಬ್ರ್ಯಾಡ್‌ಫರ್ಡ್‌ಗೆ ಅಲ್ಲಿ 315, ಟೀಬೋಗೆ 207. ಮೊದಲ ಸ್ಥಾನದಲ್ಲಿ ಟೀಬೋ 27 ಅಂಕ ಮುಂದೆ, ಮೂರನೇ ಸ್ಥಾನದಲ್ಲಿ 38 ಅಂಕ ಮುಂದೆ, ಎರಡನೇ ಸ್ಥಾನವೊಂದರಲ್ಲೇ 216 ಅಂಕ ಹಿಂದೆ. ಟೀಬೋ ಹೆಸರು ಒಟ್ಟು 750 ಚೀಟಿಗಳಲ್ಲಿತ್ತು, ಬ್ರ್ಯಾಡ್‌ಫರ್ಡ್ ಹೆಸರು 811ರಲ್ಲಿ. ಹಿಂದಿನ ವರ್ಷವಷ್ಟೇ ಟೀಬೋ ಈ ಪ್ರಶಸ್ತಿ ಗೆದ್ದಿದ್ದ; 'ಅವನಿಗೆ ಒಂದು ಸಿಕ್ಕಿದೆಯಲ್ಲ' ಎಂಬ ಭಾವನೆ ಎಷ್ಟು ಕೆಲಸ ಮಾಡಿತೋ ಅಳೆಯಲು ಸಾಧ್ಯವಿಲ್ಲ. ಎರಡು ಸಲ ಗೆದ್ದವನು ಇಡೀ ಇತಿಹಾಸದಲ್ಲಿ ಒಬ್ಬನೇ, ಒಹಾಯೊ ಸ್ಟೇಟ್‌ನ ಆರ್ಚಿ ಗ್ರಿಫಿನ್, 1974 ಮತ್ತು 1975ರಲ್ಲಿ.

ಹಾಗಾಗಿ ಮತದಾರ ಮೂರನೇ ಹೆಸರನ್ನು ಕಾಟಾಚಾರಕ್ಕೆ ಬರೆದರೆ ಅದು ನಿರುಪದ್ರವಿ ಅಲ್ಲ. ತನ್ನ ಮೆಚ್ಚಿನವನಿಗೆ ಎದುರಾಳಿಯಾದವನನ್ನು ಚೀಟಿಯಿಂದಲೇ ಬಿಟ್ಟು ಯಾರೋ ಗೆಲ್ಲಲಾರದವನಿಗೆ ಎರಡನೇ ಸ್ಥಾನ ಕೊಡುವುದು ಈ ಪದ್ಧತಿಯ ಹಳೆಯ ರೋಗ. ನಿಯಮ ತಡೆಯುವುದಿಲ್ಲ, ಚೀಟಿ ಗುಟ್ಟಾಗಿರುವುದರಿಂದ ಫಲಿತಾಂಶಕ್ಕೆ ಮುಂಚೆ ಯಾರೂ ಕೇಳುವುದೂ ಇಲ್ಲ.

2024ರಲ್ಲಿ ಇದು ತಿರುಗುಮುರುಗಾಯಿತು. ಜೆಂಟಿ ಹೆಸರು 882 ಚೀಟಿಗಳಲ್ಲಿತ್ತು, ಹಂಟರ್ ಹೆಸರು 876ರಲ್ಲಿ. ಅಂದರೆ ಸೋತವನೇ ಹೆಚ್ಚು ಚೀಟಿಗಳಲ್ಲಿದ್ದ. ಆದರೆ ಮೊದಲ ಸ್ಥಾನ ಹಂಟರ್‌ಗೆ 552, ಜೆಂಟಿಗೆ 309. ಇಬ್ಬರನ್ನೂ ಯಾರೂ ಕಡೆಗಣಿಸಲಿಲ್ಲ, ಕ್ರಮದ ಬಗ್ಗೆ ಮಾತ್ರ ಜಗಳ. ಇದು ಆರೋಗ್ಯಕರ ಮತದಾನ.

ಇನ್ನು ಜೆಂಟಿ ಪರ ವಾದಿಸುವವರು ಆಡದೇ ಇರಲಾರದ ಹೆಸರು ಬ್ಯಾರಿ ಸ್ಯಾಂಡರ್ಸ್. 1988ರಲ್ಲಿ ಒಕ್ಲಹೋಮ ಸ್ಟೇಟ್‌ಗೆ ಆಡುತ್ತ ಸ್ಯಾಂಡರ್ಸ್ 344 ಬಾರಿ ಚೆಂಡು ಹೊತ್ತು 2,628 ಯಾರ್ಡ್ ಓಡಿದ; ಹೈಸ್‌ಮನ್ ಗೆದ್ದ. ಮತದಾನದ ಹೊತ್ತಿಗೆ ಜೆಂಟಿ ಚೆಂಡು ಹೊತ್ತದ್ದೂ ಸರಿಯಾಗಿ 344 ಬಾರಿ. ಸ್ಯಾಂಡರ್ಸ್ ಸರಾಸರಿ ಒಂದು ಓಟಕ್ಕೆ 7.6 ಯಾರ್ಡ್, ಜೆಂಟಿಯದು 7.3. ಇಷ್ಟು ಹತ್ತಿರ ಬಂದವರೇ ವಿರಳ, ನಿಜ. ಆದರೆ ಸ್ಯಾಂಡರ್ಸ್‌ನದು 11 ಪಂದ್ಯ, ಜೆಂಟಿಯದು 13. ಇನ್ನೊಂದು ಗಂಟೂ ಇದೆ: 2002ಕ್ಕೆ ಮುಂಚೆ ಬೌಲ್ ಪಂದ್ಯಗಳ (ಋತುವಿನ ಕೊನೆಗೆ ಆಯ್ದ ತಂಡಗಳು ಆಡುವವು) ಅಂಕಿಗಳನ್ನು ಋತುವಿನ ಲೆಕ್ಕಕ್ಕೆ ಸೇರಿಸುತ್ತಿರಲಿಲ್ಲ. ಸ್ಯಾಂಡರ್ಸ್ ಆ ವರ್ಷ ಹಾಲಿಡೇ ಬೌಲ್‌ನಲ್ಲಿ ಓಡಿದ 222 ಯಾರ್ಡ್ ಸೇರಿಸಿದರೆ 2,850 ಆಗುತ್ತದೆ. ಜೆಂಟಿ ಪ್ಲೇಆಫ್ ಪಂದ್ಯದ 104 ಯಾರ್ಡ್ ಸೇರಿಸಿಕೊಂಡು 2,601ಕ್ಕೆ ನಿಂತ. ದಾಖಲೆ ಪುಸ್ತಕದಲ್ಲಿ ಇಬ್ಬರ ನಡುವೆ 27 ಯಾರ್ಡ್. ಒಂದೇ ನಿಯಮದಲ್ಲಿ ಅಳೆದರೆ 249. ಹಳೆಯ ಅಂಕಿ ಹೊಸ ಅಂಕಿಗಳನ್ನು ಪಕ್ಕಪಕ್ಕ ಇಡುವವರು ಪಂದ್ಯಗಳ ಸಂಖ್ಯೆ, ಬೌಲ್ ಲೆಕ್ಕ ಎರಡನ್ನೂ ಮೊದಲು ನೋಡಿಕೊಳ್ಳಬೇಕು. ಇಲ್ಲದಿದ್ದರೆ ಇಡೀ ವಾದ ಪೊಳ್ಳು.

ಜೆಂಟಿ ವಿರುದ್ಧ ಎತ್ತಿದ ಮಾತು, ಅವನ ತಂಡ ಆಗ ಆಡುತ್ತಿದ್ದ ಮೌಂಟನ್ ವೆಸ್ಟ್ ಕಾನ್ಫರೆನ್ಸ್ (ತಮ್ಮತಮ್ಮಲ್ಲೇ ಹೆಚ್ಚು ಆಡುವ ತಂಡಗಳ ಗುಂಪು) ದುರ್ಬಲ ಎಂಬುದು. ಅರ್ಧ ಸತ್ಯ. ಸೆಪ್ಟೆಂಬರ್‌ನಲ್ಲಿ ಬಲಿಷ್ಠ ಆರಿಗನ್ ಎದುರು, ಅದೂ ಅವರದೇ ಮೈದಾನದಲ್ಲಿ, ಆತ 192 ಯಾರ್ಡ್ ಓಡಿ ಮೂರು ಟಚ್‌ಡೌನ್ ಗಳಿಸಿದ. ತಂಡ 37-34ರಲ್ಲಿ ಸೋತಿತು. ಎದುರಾಳಿಯ ಬಲದ ಪ್ರಶ್ನೆ ಬಂದಾಗ ಒಟ್ಟು ಮೊತ್ತ ಬಿಟ್ಟು ಋತುವಿನ ಎರಡು ಮೂರು ಅತಿ ಕಠಿಣ ಪಂದ್ಯಗಳನ್ನಷ್ಟೇ ತೆಗೆದು ನೋಡುವುದು ಒಳ್ಳೆಯ ರೂಢಿ. ಆ ಪರೀಕ್ಷೆಯಲ್ಲಿ ಜೆಂಟಿ ಪಾಸು. ಹಾಗಿದ್ದೂ ಹಂಟರ್‌ಗೆ ಸಂದದ್ದು ಸರಿ ಎನ್ನುವುದು ಬೇರೆ ಕಾರಣಕ್ಕೆ. ಜೆಂಟಿಯ ಪಕ್ಕದಲ್ಲಿಡಲು ಒಬ್ಬ ಸ್ಯಾಂಡರ್ಸ್ ಇದ್ದಾನೆ. ಹಂಟರ್ ಪಕ್ಕದಲ್ಲಿಡಲು ಈಚಿನ ಕಾಲದ ಯಾರನ್ನು ತರುತ್ತೀರಿ? ಆ ವರ್ಷ ಶ್ರೇಷ್ಠ ರಿಸೀವರ್‌ಗೆ ಕೊಡುವ ಬಿಲೆಟ್ನಿಕಾಫ್ ಪ್ರಶಸ್ತಿಯೂ ಅವನಿಗೇ, ಶ್ರೇಷ್ಠ ರಕ್ಷಣಾ ಆಟಗಾರನಿಗೆ ಕೊಡುವ ಬೆಡ್ನರಿಕ್ ಪ್ರಶಸ್ತಿಯೂ ಅವನಿಗೇ.

ಹಂಟರ್ ಗೆದ್ದದ್ದರಿಂದ ರಕ್ಷಣೆಯ ಆಟಗಾರರಿಗೆ ಬಾಗಿಲು ತೆರೆಯಿತು ಅಂದುಕೊಳ್ಳುವುದು ಬೇಡ. 2000ದಿಂದೀಚೆಗೆ ಕ್ವಾರ್ಟರ್‌ಬ್ಯಾಕ್ ಅಲ್ಲದೆ ಗೆದ್ದವರನ್ನು ಒಂದು ಕೈಯಲ್ಲಿ ಎಣಿಸಬಹುದು: 2005ರ ರೆಗ್ಗಿ ಬುಷ್, 2009ರ ಮಾರ್ಕ್ ಇಂಗ್ರಾಮ್, 2015ರ ಡೆರಿಕ್ ಹೆನ್ರಿ, 2020ರ ಡೆವಾಂಟಾ ಸ್ಮಿತ್, ಆಮೇಲೆ ಹಂಟರ್. 2025ರಲ್ಲಿ ಇಂಡಿಯಾನಾದ ಫರ್ನಾಂಡೊ ಮೆಂಡೋಜಾ ಗೆದ್ದಾಗ ಗಾಡಿ ಮತ್ತೆ ಹಳೆಯ ಹಳಿಗೆ ಬಂತು. ಕ್ರಿಕೆಟ್‌ನಲ್ಲಿ ಬೌಲರ್ ಗೆಲ್ಲಿಸಿದ ಪಂದ್ಯದಲ್ಲೂ ಬ್ಯಾಟರ್‌ಗೇ ಪಂದ್ಯಶ್ರೇಷ್ಠ ಕೊಟ್ಟಾಗ ನಮ್ಮಲ್ಲಿ ಗೊಣಗುತ್ತಾರಲ್ಲ, ಆ ಗೊಣಗಾಟವನ್ನು ತೊಂಬತ್ತು ವರ್ಷಕ್ಕೆ ಹಿಗ್ಗಿಸಿದರೆ ಹೈಸ್‌ಮನ್ ಇತಿಹಾಸ. ಮುಖ್ಯವಾಗಿ ರಕ್ಷಣೆಯಲ್ಲಿ ಆಡಿ ಗೆದ್ದವನು 1997ರ ಚಾರ್ಲ್ಸ್ ವುಡ್‌ಸನ್ ಒಬ್ಬನೇ. ಮಿಶಿಗನ್‌ನ ಕಾರ್ನರ್‌ಬ್ಯಾಕ್ ಆಗಿದ್ದ ಆತ ಟೆನ್ನೆಸ್ಸಿಯ ಪೇಟನ್ ಮ್ಯಾನಿಂಗ್‌ನನ್ನು 1,815ಕ್ಕೆ 1,543ರಂತೆ ಹಿಂದಿಕ್ಕಿದ. ಅವನಿಗೂ ಒಂದು ಊರುಗೋಲು ಬೇಕಾಗಿತ್ತು: ಆಗೀಗ ರಿಸೀವರ್ ಆಗಿ ಇಳಿಯುತ್ತಿದ್ದ, ಪಂಟ್ (ಎದುರಾಳಿ ದೂರಕ್ಕೆ ಒದ್ದ ಚೆಂಡು) ಹಿಡಿದು ಓಡುತ್ತಿದ್ದ, ಒಹಾಯೊ ಸ್ಟೇಟ್ ಎದುರು ಪಂಟ್ ಹಿಡಿದು 78 ಯಾರ್ಡ್ ಓಡಿ ಟಚ್‌ಡೌನ್ ಮಾಡಿದ ದೃಶ್ಯವೇ ಅವನ ಪ್ರಚಾರ. ಒಳ್ಳೆಯ ಕಾರ್ನರ್‌ಬ್ಯಾಕ್‌ನ ಕಷ್ಟವೇ ಅದು: ಅವನಿರುವ ಕಡೆ ಎದುರಾಳಿ ಚೆಂಡನ್ನೇ ಎಸೆಯುವುದಿಲ್ಲ, ಆದ್ದರಿಂದ ಅಂಕಿಯೇ ಹುಟ್ಟುವುದಿಲ್ಲ. ಚೆಂಡು ಮುಟ್ಟದೆ ಎದುರಾಳಿಗಳನ್ನು ತಡೆದು ದಾರಿ ಮಾಡಿಕೊಡುವ ಆಫೆನ್ಸಿವ್ ಲೈನ್‌ನವರ ಪಾಡು ಇನ್ನೂ ಕಡೆ. ಒಹಾಯೊ ಸ್ಟೇಟ್‌ನ ಟ್ಯಾಕಲ್ ಜಾನ್ ಹಿಕ್ಸ್ 1973ರಲ್ಲಿ ಎರಡನೆಯವನಾದದ್ದೇ ದೊಡ್ಡ ಸಾಹಸ.

ಹಾಗಾದರೆ ಕ್ವಾರ್ಟರ್‌ಬ್ಯಾಕ್‌ಗಳ ಅಂಕಿಗಳಾದರೂ ನೆಟ್ಟಗಿವೆಯೇ? ಎಲ್ಲರೂ ಉಲ್ಲೇಖಿಸುವ ಪಾಸಿಂಗ್ ರೇಟಿಂಗ್‌ನ ಒಳಗೆ ಇಣುಕೋಣ. ಕಾಲೇಜು ಆಟದ ಸೂತ್ರ ಹೀಗಿದೆ: ಎಸೆದು ಗಳಿಸಿದ ಯಾರ್ಡ್‌ಗಳನ್ನು 8.4ರಿಂದ ಗುಣಿಸಿ, ಪ್ರತಿ ಟಚ್‌ಡೌನ್‌ಗೆ 330 ಸೇರಿಸಿ, ಸರಿಯಾಗಿ ಕೈಸೇರಿದ ಪ್ರತಿ ಪಾಸ್‌ಗೆ 100 ಸೇರಿಸಿ, ಪ್ರತಿ ಇಂಟರ್‌ಸೆಪ್ಷನ್‌ಗೆ 200 ಕಳೆಯಿರಿ; ಬಂದದ್ದನ್ನು ಒಟ್ಟು ಎಸೆತಗಳಿಂದ ಭಾಗಿಸಿ. 2023ರಲ್ಲಿ ಲೂಯಿಸಿಯಾನಾ ಸ್ಟೇಟ್‌ನ (ಎಲ್‌ಎಸ್‌ಯು) ಜೇಡನ್ ಡೇನಿಯಲ್ಸ್ 327 ಎಸೆತಗಳಲ್ಲಿ 236 ಕೈಸೇರಿಸಿ 3,812 ಯಾರ್ಡ್, 40 ಟಚ್‌ಡೌನ್, 4 ಇಂಟರ್‌ಸೆಪ್ಷನ್ ಮಾಡಿದ್ದ. 32,020.8 ಕೂಡಿಸು 13,200 ಕೂಡಿಸು 23,600, ಕಳೆ 800: 68,020.8. ಅದನ್ನು 327ರಿಂದ ಭಾಗಿಸಿದರೆ 208.0. ಆ ಹೊತ್ತಿಗೆ ಒಂದು ಋತುವಿನ ದಾಖಲೆ ಅದು.

ಸೂತ್ರದ ಕೊಂಕುಗಳು ಕೈಯಲ್ಲಿ ಲೆಕ್ಕ ಹಾಕಿದಾಗಲೇ ಗೊತ್ತಾಗುವುದು. ಒಂದು ಟಚ್‌ಡೌನ್‌ನ 330 ಅಂದರೆ 39 ಯಾರ್ಡ್‌ಗೆ ಸಮ. ಚೆಂಡು ಗೆರೆಯಿಂದ ಒಂದು ಯಾರ್ಡ್ ದೂರದಲ್ಲಿದೆ ಅಂದುಕೊಳ್ಳಿ. ಅಲ್ಲಿಂದ ತರಬೇತುದಾರ ಪುಟ್ಟ ಪಾಸ್ ಹಾಕಿಸಿದರೆ ಕ್ವಾರ್ಟರ್‌ಬ್ಯಾಕ್ ಖಾತೆಗೆ ಟಚ್‌ಡೌನ್‌ಗೆಂದೇ 330. ಚೆಂಡನ್ನು ರನ್ನಿಂಗ್ ಬ್ಯಾಕ್ ಕೈಗಿಟ್ಟರೆ ಸೊನ್ನೆ. ಆಟಗಾರನ ಯೋಗ್ಯತೆ ಎರಡರಲ್ಲೂ ಒಂದೇ. ಹಾಗೆಯೇ ಒಂದಿಂಚೂ ಮುಂದೆ ಹೋಗದ ಪಾಸ್ ಕೈಸೇರಿದರೂ 12 ಯಾರ್ಡ್‌ನಷ್ಟು ಬೆಲೆ ಸಿಗುತ್ತದೆ. ಎರಡು ಯಾರ್ಡ್ ದೂರಕ್ಕೆ ಚೆಂಡು ಕೊಟ್ಟು ರಿಸೀವರ್ ಅರವತ್ತು ಯಾರ್ಡ್ ಓಡಿದರೆ ಪೂರ್ತಿ ಅರವತ್ತೆರಡು ಕ್ವಾರ್ಟರ್‌ಬ್ಯಾಕ್ ಖಾತೆಗೆ. ಓಟ ಸೂತ್ರದಲ್ಲೇ ಇಲ್ಲ. ಎಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವುವ ಸ್ಯಾಕ್ ಕೂಡ ಇಲ್ಲ. ಕಾಲೇಜು ಲೆಕ್ಕದಲ್ಲಿ ಸ್ಯಾಕ್ ಆಗಿ ಕಳೆದುಕೊಂಡ ಯಾರ್ಡ್‌ಗಳನ್ನು ಕ್ವಾರ್ಟರ್‌ಬ್ಯಾಕ್‌ನ ಓಟದ ಮೊತ್ತದಿಂದ ಕಳೆಯುತ್ತಾರೆ, ವೃತ್ತಿಪರ ಎನ್‌ಎಫ್‌ಎಲ್‌ನಲ್ಲಿ ಹಾಗಲ್ಲ. ಅದಕ್ಕೇ ಡೇನಿಯಲ್ಸ್‌ನ 1,134 ಓಟದ ಯಾರ್ಡ್‌ಗಳು ಕಾಣುವುದಕ್ಕಿಂತ ತೂಕದವು. ಸ್ಯಾಕ್‌ಗಳ ನಷ್ಟ ಕಳೆದು ಉಳಿದದ್ದು ಅಷ್ಟು.

ಡೇನಿಯಲ್ಸ್ ವಿರುದ್ಧ ಇದ್ದ ಒಂದೇ ಗಟ್ಟಿ ವಾದ, ಅವನ ತಂಡ ಮೂರು ಪಂದ್ಯ ಸೋತಿತ್ತು ಎಂಬುದು. ಎದುರಿಗಿದ್ದ ವಾಷಿಂಗ್ಟನ್‌ನ ಮೈಕೆಲ್ ಪೆನಿಕ್ಸ್ ತಂಡ 13 ಆಡಿ 13 ಗೆದ್ದಿತ್ತು. ಆದರೆ ಮಿಸಿಸಿಪಿ ವಿಶ್ವವಿದ್ಯಾಲಯದ ಎದುರು ಎಲ್‌ಎಸ್‌ಯು 49 ಅಂಕ ಗಳಿಸಿ 55-49ರಲ್ಲಿ ಸೋತಿತು. 49 ಗಳಿಸಿಕೊಟ್ಟ ಕ್ವಾರ್ಟರ್‌ಬ್ಯಾಕ್ 55 ಬಿಟ್ಟುಕೊಟ್ಟದ್ದಕ್ಕೂ ಹೊಣೆಯೇ? ಮತದಾರರು ಅಲ್ಲ ಎಂದರು, 2,029ಕ್ಕೆ 1,701. ಒಳ್ಳೆಯ ತೀರ್ಪು. ಲೂಯಿವಿಲ್‌ನ ಲಮಾರ್ ಜ್ಯಾಕ್‌ಸನ್ 2016ರಲ್ಲಿ ಗೆದ್ದಾಗಲೂ ತಂಡ ಮೂರು ಸೋತಿತ್ತು. ಇನ್ನು 1956ರ ಪಾಲ್ ಹಾರ್ನಂಗ್ ಕಥೆ ಬೇರೆಯೇ: ಅವನ ನೋಟರ್‌ಡೇಮ್ ತಂಡ ಎರಡು ಗೆದ್ದು ಎಂಟು ಸೋತಿತ್ತು. ಮೊದಲ ಸ್ಥಾನದ ಮತ ಹೆಚ್ಚು ಸಿಕ್ಕದ್ದು ಒಕ್ಲಹೋಮದ ಟಾಮಿ ಮೆಕ್‌ಡೊನಾಲ್ಡ್‌ಗೆ, ಆದರೆ ಅದೇ ತಂಡದ ಜೆರ್ರಿ ಟಬ್ಸ್ ಕೂಡ ಕಣದಲ್ಲಿದ್ದು ಮತ ಒಡೆಯಿತು. ಮುಂದೆ ಎನ್‌ಎಫ್‌ಎಲ್‌ನ ದಂತಕಥೆಯಾದ ಜಿಮ್ ಬ್ರೌನ್ ಐದನೆಯವನಾದ. ಜಿಮ್ ಬ್ರೌನ್! ನೋಟರ್‌ಡೇಮ್ ಎಂಬ ಹೆಸರಿಗೆ ಆ ಕಾಲದಲ್ಲಿದ್ದ ಸೆಳೆತ ಎಂಥದ್ದು ಎಂದು ತಿಳಿಯಲು ಆ ಪಟ್ಟಿ ಸಾಕು.

ಈಗ ಹೆಸರಿನ ಸೆಳೆತದ ಜಾಗಕ್ಕೆ ಟೀವಿಯ ಸಮಯ ಬಂದಿದೆ. 2015ರಲ್ಲಿ ಸ್ಟ್ಯಾನ್‌ಫರ್ಡ್‌ನ ಕ್ರಿಶ್ಚಿಯನ್ ಮೆಕ್ಯಾಫ್ರಿ ಓಟ, ಕ್ಯಾಚ್, ಕಿಕ್ ರಿಟರ್ನ್ ಎಲ್ಲ ಸೇರಿ 3,496 ಯಾರ್ಡ್ ಗಳಿಸಿ, ಸ್ಯಾಂಡರ್ಸ್ 1988ರಲ್ಲಿ ಮಾಡಿದ್ದ 3,250ರ ದಾಖಲೆಯನ್ನು ಮತದಾನಕ್ಕೆ ಮುಂಚೆಯೇ ಮುರಿದಿದ್ದ. ಅಲಬಾಮಾದ ಹೆನ್ರಿ 1,986 ಯಾರ್ಡ್ ಓಡಿ, 23 ಟಚ್‌ಡೌನ್ ಮಾಡಿ ಗೆದ್ದ. ಸ್ಟ್ಯಾನ್‌ಫರ್ಡ್ ಪಂದ್ಯಗಳು ತಡರಾತ್ರಿ ನಡೆಯುತ್ತಿದ್ದವು, ಪೂರ್ವ ಕರಾವಳಿಯ ಮತದಾರರು ಮಲಗಿರುತ್ತಿದ್ದರು ಎಂಬ ದೂರು ಆಗಿನಿಂದ ಇದೆ. ನ್ಯೂಯಾರ್ಕಿನಲ್ಲಿ ಶನಿವಾರ ರಾತ್ರಿ ಹತ್ತೂವರೆಗೆ ಶುರುವಾಗುವ ಪಂದ್ಯ, ನವೆಂಬರ್ ಕೊನೆಯಲ್ಲಾದರೆ, ನಮ್ಮಲ್ಲಿ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ. ತಿಂಡಿ ತಿನ್ನುತ್ತ ನೋಡುವ ಬೆಂಗಳೂರಿನವನು ಆ ಮತದಾರನಿಗಿಂತ ಹೆಚ್ಚು ಎಚ್ಚರವಾಗಿರುತ್ತಾನೆ. ಮತ ಮಾತ್ರ ಇಲ್ಲ.

ತಂಡ ಬದಲಿಸುವುದು ಸುಲಭವಾದ ಮೇಲೆ ಚರ್ಚೆಗೆ ಇನ್ನೊಂದು ಎಳೆ ಸೇರಿದೆ. 2017ರಿಂದ 2025ರವರೆಗಿನ ಒಂಬತ್ತು ವಿಜೇತರಲ್ಲಿ ಏಳು ಮಂದಿ ಬೇರೊಂದು ವಿಶ್ವವಿದ್ಯಾಲಯದಲ್ಲಿ ಶುರುಮಾಡಿ ವಲಸೆ ಬಂದವರು. ಸ್ಮಿತ್ ಮತ್ತು ಬ್ರೈಸ್ ಯಂಗ್, ಅಲಬಾಮಾದ ಈ ಇಬ್ಬರು ಮಾತ್ರ ಅಪವಾದ. ಹಿಂದೆ ಒಬ್ಬ ಹುಡುಗ ನಾಲ್ಕು ವರ್ಷ ಒಂದೇ ಅಂಗಿಯಲ್ಲಿ ಬೆಳೆದದ್ದು ನೋಡಿ, ಹಳೆಯ ಋಣ ಸೇರಿಸಿ ಮತ ಹಾಕುತ್ತಿದ್ದರು. ಈಗ ಆ ಒಂದು ಋತುವಷ್ಟೇ ಲೆಕ್ಕ. ಅದು ಒಳ್ಳೆಯದೇ.

ಪ್ರಾಮಾಣಿಕತೆಯ ಷರತ್ತಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಾಲೇಜಿನಲ್ಲಿದ್ದಾಗಲೇ ನಿಯಮ ಮೀರಿ ಹಣ ಪಡೆದನೆಂದು ಬುಷ್ ಟ್ರೋಫಿ 2010ರಲ್ಲಿ ಕೈಬಿಟ್ಟಿತು, 2024ರಲ್ಲಿ ಮರಳಿ ಬಂತು. ಆಟಗಾರರು ಹಣ ಪಡೆಯುವುದು ನಡುವೆ ನಿಯಮಬದ್ಧವಾಗಿಬಿಟ್ಟಿತ್ತು. ಅವನು ಮೈದಾನದಲ್ಲಿ ಓಡಿದ್ದನ್ನು ಎರಡೂ ಸಲ ಯಾರೂ ಪ್ರಶ್ನಿಸಿರಲಿಲ್ಲ.

ಎಲ್ಲ ಎಳೆಗಳೂ ಒಂದೇ ಕಡೆ ಸಿಕ್ಕಿಕೊಂಡ ವರ್ಷ 2009. ಇತಿಹಾಸದಲ್ಲೇ ಅತಿ ಕಡಿಮೆ ಅಂತರ: ಅಲಬಾಮಾದ ಇಂಗ್ರಾಮ್ 1,304, ಸ್ಟ್ಯಾನ್‌ಫರ್ಡ್‌ನ ಟೋಬಿ ಗೆರ್ಹಾರ್ಟ್ 1,276. ಬರೀ 28 ಅಂಕ. ಇಬ್ಬರೂ ರನ್ನಿಂಗ್ ಬ್ಯಾಕ್ ಆದ್ದರಿಂದ ಇಲ್ಲಿ ನೇರ ಹೋಲಿಕೆ ಸಾಧ್ಯ. ಗೆರ್ಹಾರ್ಟ್ 1,736 ಯಾರ್ಡ್, ಓಟದ ಟಚ್‌ಡೌನ್ 26; ಇಂಗ್ರಾಮ್ 1,542 ಯಾರ್ಡ್, 15. ಇಂಗ್ರಾಮ್‌ಗೆ ಗೆಲುವು ತಂದದ್ದು ಕೊನೆಯ ಶನಿವಾರ: ಅಜೇಯ ಫ್ಲೋರಿಡಾ ಎದುರಿನ ಕಾನ್ಫರೆನ್ಸ್ ಫೈನಲ್‌ನಲ್ಲಿ 113 ಯಾರ್ಡ್, ಮೂರು ಟಚ್‌ಡೌನ್. ಗೆರ್ಹಾರ್ಟ್ ಆ ದಿನ ಮನೆಯಲ್ಲಿದ್ದ; ಅವನ ಕಾನ್ಫರೆನ್ಸ್‌ಗೆ ಆಗ ಫೈನಲ್ ಪಂದ್ಯವೇ ಇರಲಿಲ್ಲ.

ಅದೇ ಶನಿವಾರ, ಡಿಸೆಂಬರ್ 5ರ ರಾತ್ರಿ, ನೆಬ್ರಾಸ್ಕಾದ ಡಿಫೆನ್ಸಿವ್ ಟ್ಯಾಕಲ್ ಎಂಡಮುಕಾಂಗ್ ಸೂ ಟೆಕ್ಸಸ್ ಎದುರು ಆಡಿದ. 12 ಟ್ಯಾಕಲ್ (ಚೆಂಡು ಹಿಡಿದವನನ್ನು ಕೆಡವಿದ್ದು), ಅದರಲ್ಲಿ ನಾಲ್ಕೂವರೆ ಸ್ಯಾಕ್. ಮಧ್ಯದಲ್ಲಿ ನಿಲ್ಲುವ, ಪ್ರತಿ ಸಲ ಇಬ್ಬರು ಸೇರಿ ತಡೆಯುವ ಆಟಗಾರನಿಗೆ ಆ ಅಂಕಿ ಇಡೀ ಋತುವಿಗೆ ಬಂದರೂ ಮರ್ಯಾದೆಯದು. ಅವನ ಕೈಗೆ ಮತ್ತೆ ಮತ್ತೆ ಸಿಕ್ಕಿಬಿದ್ದವನು ಮೆಕಾಯ್, ಅದೇ ಹೈಸ್‌ಮನ್ ಪೈಪೋಟಿಯಲ್ಲಿದ್ದವನು. ಗಡಿಯಾರಕ್ಕೆ ಒಂದು ಸೆಕೆಂಡ್ ಮರಳಿ ಸೇರಿಸಿದ ಮೇಲೆ ಟೆಕ್ಸಸ್ ಚೆಂಡನ್ನು ಕಂಬಗಳ ನಡುವೆ ಒದ್ದು ಫೀಲ್ಡ್ ಗೋಲ್ ಹೊಡೆದು 13-12ರಲ್ಲಿ ಗೆದ್ದಿತು. ಮತ ಹಾಕುವ ಗಡುವು ಮುಗಿಯುವುದು ಆ ವಾರಾಂತ್ಯದ ನಂತರದ ಸೋಮವಾರ. ಬೌಲ್ ಪಂದ್ಯಗಳಿಗಾಗಿ ಕಾಯುವ ಮಾತೇ ಇಲ್ಲ. ಮುಂಚೆಯೇ ಚೀಟಿ ಕಳಿಸಿದವರಿಗೆ ಆ ಶನಿವಾರ ರಾತ್ರಿಯೂ ಇಲ್ಲ. ಸೂಗೆ ಮೊದಲ ಸ್ಥಾನದ ಮತ 161, ಒಟ್ಟು 815 ಅಂಕ, ನಾಲ್ಕನೇ ಸ್ಥಾನ. ಗೆದ್ದ ಇಂಗ್ರಾಮ್‌ಗೂ ಮೊದಲ ಸ್ಥಾನದ ಮತ ಸಿಕ್ಕದ್ದು 227 ಮಾತ್ರ.

ಅವನವನ ಸ್ಥಾನದವರಿಗಿಂತ ಎಷ್ಟು ದೂರ ಎಂಬ ಅಳತೆಯಲ್ಲಿ ಆ ವರ್ಷದ ಚೀಟಿ ಹೀಗಿರಬೇಕಿತ್ತು: ಒಂದು ಸೂ, ಎರಡು ಗೆರ್ಹಾರ್ಟ್, ಮೂರು ಇಂಗ್ರಾಮ್. ಮೆಕಾಯ್ ಹೆಸರು ಬೇಕೇ ಬೇಕು ಎನ್ನುವವರು ಆ ಟೆಕ್ಸಸ್ ಪಂದ್ಯವನ್ನು ಪೂರ್ತಿ ಇನ್ನೊಮ್ಮೆ ಹಾಕಿ ನೋಡಲಿ.